ಒರತೆಯ ನೀರನ್ನು ಅಳೆಯುವುದು ಹೇಗೆ?

ಭೂಮಿಯ ಮೇಲಿರುವ ಒಟ್ಟು ನೀರಿನಲ್ಲಿ ಸಿಹಿನೀರಿನ ಪಾಲು ಸುಮಾರು ಶೇ 2.5 ಮಾತ್ರ. ಅದರಲ್ಲಿಯೂ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಹಿಮವಾಗಿ ಹೆಪ್ಪುಗಟ್ಟಿದೆ. ಉಳಿದದ್ದರಲ್ಲಿ ಬಹುಪಾಲು ನೆಲದೊಳಗಿದೆ. ಆ ಅಂತರ್ಜಲವು ಯಾರೂ ಕೊರೆಯದೆ ತಾನಾಗಿ ಹೊರಬರುವ ಜಾಗವೇ ಒರತೆ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ಯಗಚಿ, ಬಲ್ಲಾಳರಾಯನದುರ್ಗದ ಕಡೆಯಿಂದ ಇಳಿಯುವ ಹೇಮಾವತಿ, ಗಂಗಾಮೂಲದ ತುಂಗೆ ಮತ್ತು ಭದ್ರೆ, ಇವೆಲ್ಲವೂ ಮಳೆ ನಿಂತು ತಿಂಗಳುಗಳಾದ ಮೇಲೆಯೂ ಮೇಲ್ಭಾಗದಲ್ಲಿ ಹರಿಯುತ್ತಿದ್ದರೆ ಅದಕ್ಕೆ ಇಂಥ ಸಾವಿರಾರು ಸಣ್ಣ ಒರತೆಗಳೇ ಕಾರಣ. ನಮ್ಮ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವ ಪದ್ಧತಿ ಹಳೆಯದು. ಅದೇ ಶ್ರದ್ಧೆಯಿಂದ ಒರತೆಯನ್ನು ಅಳೆದವರು ವಿರಳ. ಹೀಗಾಗಿ ‘ಮೊದಲಿನಷ್ಟು ನೀರಿಲ್ಲ’ ಎಂಬ ಮಾತು ಮಾತಾಗಿಯೇ ಉಳಿಯುತ್ತದೆ.

ಮೊದಲು ಯಾವ ಒರತೆಯನ್ನು ಅಳೆಯಬೇಕೆಂದು ತೀರ್ಮಾನಿಸಿ. ಆರಿದ್ರಾ, ಪುನರ್ವಸು ಮಳೆಗೆ ಗುಡ್ಡದ ಬುಡದಲ್ಲಿ, ಕೆಲವೊಮ್ಮೆ ಮನೆಯ ಅಂಗಳದಲ್ಲಿಯೇ ಒಡೆಯುವ ಜಲ ಬೇರೆ, ವರ್ಷವಿಡೀ ಜಿನುಗುವ ಒರತೆ ಬೇರೆ. ಮೊದಲನೆಯದು ಮಳೆ ಬಿಟ್ಟ ಕೆಲವು ವಾರಗಳಲ್ಲಿ ಬತ್ತುತ್ತದೆ. ಅಳೆಯಬೇಕಾದುದು ಎರಡನೆಯದನ್ನು.

ಒರತೆಯ ಕಣ್ಣನ್ನು, ಅಂದರೆ ನೀರು ನೆಲದಿಂದ ಹೊರಡುವ ಬಾಯಿಯನ್ನು, ಮುಟ್ಟಬೇಡಿ. ಅದಕ್ಕಿಂತ ನಾಲ್ಕಾರು ಅಡಿ ಕೆಳಗೆ ಜೇಡಿಮಣ್ಣಿನಿಂದ ಸಣ್ಣ ಒಡ್ಡು ಕಟ್ಟಿ, ನೀರೆಲ್ಲ ಒಂದೇ ಕಡೆಯಿಂದ ಬೀಳುವಂತೆ ಪಿವಿಸಿ ಪೈಪಿನ ತುಂಡನ್ನಾಗಲಿ, ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆಯನ್ನಾಗಲಿ ಇಡಿ. ಪಕ್ಕದಿಂದಲೂ ತಳದಿಂದಲೂ ನೀರು ಸೋರದಂತೆ ಮಣ್ಣನ್ನು ಚೆನ್ನಾಗಿ ಮೆತ್ತಿ, ಒಡ್ಡಿನ ಹಿಂದೆ ನೀರಿನ ಮಟ್ಟ ಏರುವುದು ನಿಲ್ಲುವವರೆಗೆ ಕಾಯಬೇಕು. ಅವಸರಪಟ್ಟರೆ ಲೆಕ್ಕ ಕಡಿಮೆ ಬರುತ್ತದೆ.

ಬಕೆಟ್ಟಿನ ಮೇಲೆ ಬರೆದಿರುವ ಅಳತೆಯನ್ನು ನಂಬದೆ, ಒಂದು ಲೀಟರ್ ಬಾಟಲಿಯಲ್ಲಿ ಹತ್ತು ಬಾರಿ ನೀರು ಸುರಿದು, ಹತ್ತು ಲೀಟರಿನ ಮಟ್ಟಕ್ಕೆ ಬಣ್ಣದಿಂದ ಗೆರೆ ಎಳೆಯಿರಿ. ಆ ಗೆರೆಯವರೆಗೆ ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಮೂರು ಸಲ ನೋಡಿ ಸರಾಸರಿ ತೆಗೆಯಿರಿ. ಲೀಟರನ್ನು ಸೆಕೆಂಡಿನಿಂದ ಭಾಗಿಸಿ 60ರಿಂದ ಗುಣಿಸಿದರೆ ನಿಮಿಷದ ಹರಿವು ಸಿಗುತ್ತದೆ. ಸೆಪ್ಟೆಂಬರಿನಲ್ಲಿ 40 ಸೆಕೆಂಡಿಗೆ ತುಂಬಿತೆನ್ನಿ: ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್. ಅದೇ ಒರತೆ ಮೇ ತಿಂಗಳಲ್ಲಿ 200 ಸೆಕೆಂಡು ತೆಗೆದುಕೊಂಡರೆ ನಿಮಿಷಕ್ಕೆ 3 ಲೀಟರ್, ದಿನಕ್ಕೆ 4,320 ಲೀಟರ್. ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿದಿದೆ. ಆ ಪ್ರಕಾರ ಸೆಪ್ಟೆಂಬರಿನಲ್ಲಿ ಸುಮಾರು 390 ಜನರಿಗೆ ಒದಗುವ ನೀರು ಮೇ ತಿಂಗಳಲ್ಲಿ 78 ಜನರಿಗಷ್ಟೇ ಸಾಲುತ್ತದೆ. ಮಳೆಗಾಲದ ಅಂಕಿಯನ್ನು ನೆಚ್ಚಿ ಪೈಪ್ ಎಳೆದರೆ ಬೇಸಿಗೆಯಲ್ಲಿ ಜಗಳ ತಪ್ಪದು.

ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು, ಮಳೆಯ ಪುಸ್ತಕದ ಅದೇ ಪುಟದಲ್ಲಿ ಬರೆಯಿರಿ. ಕಾಫಿ ಹೂವನ್ನು ಅರಳಿಸುವ ಹೂಮಳೆ ಬಾರದೆ ಫೆಬ್ರುವರಿ, ಮಾರ್ಚ್‌ನಲ್ಲಿ ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡುತ್ತಿದ್ದರೆ ಅದನ್ನೂ ದಾಖಲಿಸಬೇಕು. ಮೇಲ್ಭಾಗದ ಕೊಳವೆಬಾವಿಯಿಂದ ನೀರೆತ್ತಿದ ದಿನಗಳಲ್ಲಿ ಹರಿವು ಇಳಿಯಿತೇ ಎಂಬುದು ಹೀಗೆ ಮಾತ್ರ ತಿಳಿಯುತ್ತದೆ. ಎರಡು ಬೇಸಿಗೆಯ ಅಂಕಿ ಕೈಗೆ ಬಂದ ಮೇಲೆ ಗ್ರಾಮಸಭೆಯಲ್ಲಿ ಮಾತನಾಡಲು ಆಧಾರವಿರುತ್ತದೆ.

ಹರಿವು ಇಳಿಯುತ್ತಿದೆ ಎಂದು ಕಂಡಾಗ ಬಹಳಷ್ಟು ಜನ ಹಾರೆ ಹಿಡಿದು ಒರತೆಯ ಕಣ್ಣನ್ನೇ ಆಳ ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ನೀರು ತನ್ನ ದಾರಿಯನ್ನೇ ಬದಲಿಸಿ ಕೆಳಗೆಲ್ಲೋ ಹೊರಡಬಹುದು. ಕೆಲಸ ನಡೆಯಬೇಕಾದುದು ಮೇಲಿನ ಇಳಿಜಾರಿನಲ್ಲಿ: ಗುಡ್ಡದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡನ್ನೂ ಹುಲ್ಲುಗಾವಲನ್ನೂ ಹಾಗೆಯೇ ಉಳಿಸಿಕೊಳ್ಳುವುದು, ತೋಟದ ಹದವಾದ ಇಳಿಜಾರಿನಲ್ಲಿ, ಮಳೆನೀರು ಇಂಗಲೆಂದು ಗಿಡಗಳ ನಡುವೆ ತೋಡುವ ತೊಟ್ಟಿಲು ಗುಂಡಿ ತೆಗೆಯುವುದು. ಕಡಿದಾದ ಗುಡ್ಡದಲ್ಲಿ ಮಾತ್ರ ಗುಂಡಿ ತೋಡಬಾರದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದುದನ್ನು ಕಂಡವರಿಗೆ, ನೀರು ಕುಡಿದ ಮಣ್ಣಿನ ಭಾರ ಎಂಥದೆಂದು ವಿವರಿಸಬೇಕಾಗಿಲ್ಲ.

ಕುಡಿಯಲು ಬಳಸುವುದಾದರೆ ಒರತೆಯ ಮೇಲ್ಭಾಗದಲ್ಲಿ ಶೌಚಗುಂಡಿ, ಕೊಟ್ಟಿಗೆ, ಕಾಫಿ ಹಣ್ಣಿನ ಸಿಪ್ಪೆ ಸುಲಿದ (ಪಲ್ಪಿಂಗ್) ನೀರು ಇಂಗುವ ಜಾಗ ಇರಕೂಡದು. ತಿಳಿಯಾಗಿ ಕಂಡರೂ ನೀರನ್ನು ಕುದಿಸಿಯೇ ಕುಡಿಯಬೇಕು. ತೊಟ್ಟಿ ಕಟ್ಟುವಾಗ ಬೇಸಿಗೆಯ ರಾತ್ರಿ ಹರಿವನ್ನು ಲೆಕ್ಕಕ್ಕೆ ಹಿಡಿಯಿರಿ: ನಿಮಿಷಕ್ಕೆ 3 ಲೀಟರ್ ಬರುವ ಒರತೆ ಎಂಟು ಗಂಟೆಯಲ್ಲಿ 1,440 ಲೀಟರ್ ಕೊಡುತ್ತದೆ, ಆದ್ದರಿಂದ 1,500 ಲೀಟರಿನ ತೊಟ್ಟಿ ಸಾಕು. ತುಂಬಿ ಹೆಚ್ಚಾದ ನೀರನ್ನು ಚರಂಡಿಗೆ ಹರಿಸದೆ ಹಳೆಯ ಹಳ್ಳದ ದಾರಿಗೇ ಬಿಡಿ. ಕೆಳಗಿನ ಗದ್ದೆಗೂ ದನಕರುಗಳಿಗೂ ಅದೇ ನೀರು.