ಡಿವಿಆರ್ ಗಡಿಯಾರ ಮತ್ತು ನನ್ನ ಕಪ್ಪು ಕೋಟು

"ವಿಡಿಯೋ ಇದೆ ಅಂದ್ಮೇಲೆ ಪಾಟೀಸವಾಲು ಮಾಡೋಕೆ ಏನಿದೆಯೋ? ಸರ್ಟಿಫಿಕೇಟ್ ಮೇಲೆ ಹೊಡಿ, ಕೂತ್ಕೋ." ಸಕಲೇಶಪುರ ಕೋರ್ಟಿನ ಬಾರ್ ರೂಮಿನಲ್ಲಿ ನಮ್ಮ ಹಿರಿಯ ವಕೀಲರೊಬ್ಬರು ಈಗಲೂ ಹೀಗೇ ಹೇಳುತ್ತಾರೆ. ನಾಲ್ಕೈದು ವರ್ಷ ನಾನೂ ಹಾಗೇ ಹೊಡೆದೆ, ಹಾಗೇ ಕೂತೆ, ಹಾಗೇ ಸೋತೆ.

ಮೊದಲ ಪೆಟ್ಟು ಬಿದ್ದದ್ದು ಚನ್ನರಾಯಪಟ್ಟಣದ ಕಡೆಯ ಒಂದು ಹೊಡೆದಾಟದ ಕೇಸಿನಲ್ಲಿ. ಅಂಗಡಿಯ ಸಿಸಿಟಿವಿ ಸಿ.ಡಿ. ಹಾಜರಾಗಿತ್ತು, 65ಬಿ ಸರ್ಟಿಫಿಕೇಟ್ (ಡಿಜಿಟಲ್ ಪ್ರತಿ ಯಾವ ಯಂತ್ರದಿಂದ ಹೇಗೆ ಬಂತು ಎಂದು ಸಹಿ ಹಾಕಿ ಕೊಡುವ ಪತ್ರ) ಇರಲಿಲ್ಲ. ಅದು ಕಡ್ಡಾಯ ಎಂದ ಸುಪ್ರೀಂ ಕೋರ್ಟಿನ 2014ರ ಅನ್ವರ್ ತೀರ್ಪು, ಅದನ್ನು ಎತ್ತಿಹಿಡಿದ 2020ರ ಅರ್ಜುನ್ ಪಂಡಿತರಾವ್ ತೀರ್ಪು ಎರಡನ್ನೂ ಕೋರ್ಟಿನ ಮುಂದಿಟ್ಟು ಮೀಸೆ ತಿರುವಿದೆ. ಸರ್ಕಾರಿ ವಕೀಲರು, ಅಂದರೆ ಎ.ಪಿ.ಪಿ., ನಿಧಾನವಾಗಿ ಎದ್ದು, ನಾನೇ ಕೊಟ್ಟ ಎರಡನೇ ತೀರ್ಪಿನ ಮುಂದಿನ ಪ್ಯಾರಾ ಓದಿದರು. ವಿಚಾರಣೆ ಮುಗಿಯುವ ಮುನ್ನ ಯಾವ ಹಂತದಲ್ಲಾದರೂ ಸರ್ಟಿಫಿಕೇಟ್ ತರಿಸಿಕೊಳ್ಳಬಹುದು ಎಂದು ಅದರಲ್ಲೇ ಇದೆ. ಮುಂದಿನ ತಾರೀಖಿಗೆ ಸರ್ಟಿಫಿಕೇಟ್ ಬಂತು. ನನ್ನ ಕಕ್ಷಿದಾರ ದಂಡ ಕಟ್ಟಿದ.

ಎರಡನೆಯದು ಒಂದೇ ಒಂದು ಹೆಚ್ಚಿನ ಪ್ರಶ್ನೆಯಿಂದ ಹೋಯಿತು. "ವಿಡಿಯೋದಲ್ಲಿ ಮುಖ ಸ್ಪಷ್ಟವಾಗಿ ಕಾಣುವುದಿಲ್ಲ ಎಂದರೆ ಸರಿ" ಎಂದು ಬರೆಸಿಕೊಂಡು ಕೂತಿದ್ದರೆ ಸಾಕಿತ್ತು. "ಹಾಗಿದ್ದರೆ ಹೇಗೆ ಗುರುತಿಸಿದಿರಿ?" ಎಂದು ಬಾಯಿ ಬಿಟ್ಟೆ. "ಸ್ವಾಮಿ, ಅವನು ಚಿಕ್ಕವನಿದ್ದಾಗಿಂದ ನೋಡಿದೀನಿ, ನಡಿಗೆ ನೋಡಿದ್ರೆ ಸಾಕು" ಅಂದಿತು ಸಾಕ್ಷಿಕಟ್ಟೆಯಲ್ಲಿದ್ದ ಅಜ್ಜಿ. ಆ ಸಾಲು ತೀರ್ಪಿನಲ್ಲಿ ದಪ್ಪ ಅಕ್ಷರದಲ್ಲಿ ಬಂತು.

ಗೆದ್ದದ್ದು ಮೆಣಸಿನ ಕೇಸು. ಸಕಲೇಶಪುರ ತಾಲೂಕಿನ ಒಂದು ತೋಟ, 2023ರ ಫೆಬ್ರವರಿ, ಗೋಡೌನಿನಿಂದ ಐದು ಚೀಲ ಕರಿಮೆಣಸು ಮಾಯ. ಐಪಿಸಿ 457, 380, ಅಂದರೆ ರಾತ್ರಿ ಕನ್ನ ಮತ್ತು ಕಟ್ಟಡದೊಳಗಿನ ಕಳವು. ಪೊಲೀಸರು ಸಿಸಿಟಿವಿಯ ಚಿತ್ರ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೇ ಜಪ್ತಿ ಮಾಡಿದ್ದರು. ಮೂಲ ಉಪಕರಣವೇ ಬಂದು, ಅದರ ಮಾಲೀಕ ಸಾಕ್ಷಿಕಟ್ಟೆ ಹತ್ತಿದರೆ ಸರ್ಟಿಫಿಕೇಟಿನ ಮಾತೇ ಇಲ್ಲ. "ತಪ್ಪೊಪ್ಪಿಸಿ ಕಡಿಮೆ ಶಿಕ್ಷೆ ಕೇಳಿಬಿಡು" ಅಂದರು ಮೂವರು. ನನಗೋ ಆ ಪೆಟ್ಟಿಗೆಯ ಒಳಗೆ ಏನೇನಿದೆ ನೋಡಬೇಕಿತ್ತು.

ಚಾರ್ಜ್‌ಶೀಟಿನ ಜೊತೆ ಕೊಟ್ಟದ್ದು ಸುಮಾರು 40 ಸೆಕೆಂಡಿನ ತುಣುಕು. ಪೂರ್ತಿ ಹಾರ್ಡ್ ಡಿಸ್ಕಿನ ಪ್ರತಿ ಬೇಕು ಎಂದು ಆರೋಪಿಗೆ ದಾಖಲೆಗಳ ಪ್ರತಿ ಕೊಡಿಸುವ ಸಿ.ಆರ್.ಪಿ.ಸಿ. 207ರ ಕೆಳಗೆ ಅರ್ಜಿ ಹಾಕಿದೆ. 2019ರ ಗೋಪಾಲಕೃಷ್ಣನ್ ತೀರ್ಪು ಗೊತ್ತಲ್ಲ, ಮೆಮೊರಿ ಕಾರ್ಡಿನಲ್ಲಿರುವುದೂ ದಾಖಲೆಯೇ ಅಂದದ್ದು. ನಾಲ್ಕು ತಾರೀಖು ಹಿಡಿಯಿತು. ಒಂದು ಟಿಬಿ ಡಿಸ್ಕಿಗೆ ನಾಲ್ಕು ಸಾವಿರ ನನ್ನ ಜೇಬಿನಿಂದ. ಬೆಂಗಳೂರಿನ ಖಾಸಗಿ ಪರಿಣತರೊಬ್ಬರಿಗೆ ಹದಿನೈದು ಸಾವಿರ ಮುಂಗಡ ಕೊಟ್ಟೆ, ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಕೋರ್ಟಿಗೆ ಬರಲು ಬೇರೆ ಫೀ ಕೇಳಿದರು, ಬಿಟ್ಟೆ. ಕೊನೆಗೆ ಮೊಬೈಲ್ ಅಂಗಡಿಯ ಹುಡುಗನೊಬ್ಬ ಆ ಡಿವಿಆರ್ ಕಂಪನಿಯ ಪ್ಲೇಯರ್ ಹಾಕಿಕೊಟ್ಟ, ಇನ್ನೂರು ರೂಪಾಯಿಗೆ. ಬೇರೆ ಪ್ಲೇಯರ್‌ನಲ್ಲಿ ಆ ಫೈಲು ತೆರೆದರೂ ಮನುಷ್ಯರು ಓಡಿದ ಹಾಗೆ ಕಾಣುತ್ತಿತ್ತು. ಮಾಮೂಲಿ ಫೈಲಾದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ 'ಇ' ಕೀಲಿ ಒತ್ತುತ್ತಾ ಹೋಗಿ, ಒಂದೊಂದೇ ಚಿತ್ರ ಬರುತ್ತದೆ.

ಹನ್ನೊಂದು ರಾತ್ರಿ ಕೂತು ನೋಡಿದೆ. ಡಿವಿಆರ್ ಜಪ್ತಿ ಮಾಡಲು ಬಂದ ಪೊಲೀಸರನ್ನೂ ಡಿವಿಆರ್ ಹಿಡಿದಿತ್ತು! ಕೊನೆಯ ತುಣುಕಿನಲ್ಲಿ ಜೀಪು ಗೇಟಿನೊಳಗೆ ಬರುವಾಗ ಪರದೆಯ ಮೇಲೆ ಬೆಳಿಗ್ಗೆ 11.20. ಮಹಜರು ಶುರುವಾದದ್ದು 10.30 ಎಂದು ಅದರಲ್ಲೇ ಬರೆದಿದೆ. ಡಿವಿಆರ್ ಗಡಿಯಾರಕ್ಕೂ ನಿಜ ಸಮಯಕ್ಕೂ ಎಷ್ಟು ವ್ಯತ್ಯಾಸ ಎಂದು ಮಹಜರಿನಲ್ಲಿ ಒಂದು ಸಾಲಿಲ್ಲ. ಕಳ್ಳ ಒಳಗೆ ಹೋಗುವುದು ಪರದೆಯಲ್ಲಿ ರಾತ್ರಿ 9.25ಕ್ಕೆ. ಕನಿಷ್ಠ ಐವತ್ತು ನಿಮಿಷ ಕಳೆಯಿರಿ.

ಅವತ್ತೇ ಕುಣಿದುಬಿಡಬಹುದಿತ್ತು, ಕುಣಿಯಲಿಲ್ಲ. ತೋಟದ ರೈಟರ್ (ಮೇಲ್ವಿಚಾರಕ) ಸಾಕ್ಷಿಕಟ್ಟೆಗೆ ಬಂದಾಗ ಗಡಿಯಾರದ ಸುದ್ದಿಯೇ ಎತ್ತಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟೇ ಕೇಳಿದೆ: ಒಂಬತ್ತಕ್ಕೆ ರೌಂಡ್ ಹೋಗಿದ್ದಿರಿ? ಸರಿ. ಗೋಡೌನ್ ಬೀಗ ಮುಟ್ಟಿ ನೋಡಿದಿರಿ? ಸರಿ, ಭದ್ರವಾಗಿತ್ತು. ಆರೋಪಿಯನ್ನು ವಿಡಿಯೋದಲ್ಲಿ ಗುರುತಿಸಿದ್ದು ನೀಲಿ ಜರ್ಕಿನ್‌ನಿಂದ? ಸರಿ, ಕಡು ನೀಲಿ. ನಡುವೆ ಇನ್ನೂ ಎರಡು ಪ್ರಶ್ನೆಗಳಿದ್ದವು, ನಡಿಗೆ, ಮೈಕಟ್ಟು ಎಂದು ಆತ ಜಾರಿಕೊಳ್ಳುವ ದಾರಿ ಮುಚ್ಚಲು. ಅವನ್ನು ಇಲ್ಲಿ ಬರೆಯುವುದಿಲ್ಲ, ಎ.ಪಿ.ಪಿ.ಗಳೂ ಓದುತ್ತಾರೆ. ಇಷ್ಟು ದಾಖಲಾದ ಮೇಲೆ ವಿಡಿಯೋ ಹಾಕಿಸಿದೆ. ರಾತ್ರಿಯ ಇನ್‌ಫ್ರಾರೆಡ್ ಚಿತ್ರ, ಪೂರ್ತಿ ಕಪ್ಪು ಬಿಳುಪು. ನೀಲಿ ಎಲ್ಲಿದೆ ತೋರಿಸಿ ಅಂದೆ. ರೈಟರ್ ಪರದೆ ನೋಡಿದ, ಎ.ಪಿ.ಪಿ. ಕಡೆ ನೋಡಿದ. ಜರ್ಕಿನ್ ಮೊದಲು ಕಂಡದ್ದು ಠಾಣೆಯಲ್ಲಿ ಅಂದ. ಅಲ್ಲಿಗೇ ಕೂತೆ. ಅಜ್ಜಿ ಕಲಿಸಿದ ಪಾಠ.

ಒಂದು ಮಾತು. "ವಿಡಿಯೋ ತೋರಿಸಲಾಯಿತು" ಎಂದಷ್ಟೇ ಬರೆಸಿದರೆ ಮೇಲ್ಮನವಿಯಲ್ಲಿ ಏನೂ ಸಿಗದು. ಯಾವ ಫೈಲು, ಪರದೆಯಲ್ಲಿ ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡು, ಅಲ್ಲಿ ಏನು ಕಾಣುತ್ತದೆ, ಸಾಕ್ಷಿ ಏನಂದ, ಎಲ್ಲ ಸಾಲುಸಾಲಾಗಿ ಬರಬೇಕು. ನ್ಯಾಯಾಧೀಶರು ಬೇಸರಪಟ್ಟುಕೊಂಡರೂ ಸರಿ, ಕೈಮುಗಿದು ಬರೆಸಿ.

ಈ ಬಣ್ಣದ ಹುಚ್ಚಿಗೆ ಮನೆಯಲ್ಲೂ ಒಂದು ಕ್ಯಾಮೆರಾ ತಂದೆ, ಎರಡೂವರೆ ಸಾವಿರವೇನೋ. ರಾತ್ರಿ ಜಗಲಿಯಲ್ಲಿ ದೀಪ ಆರಿಸಿ ನನ್ನ ಕರಿ ಕೋಟು ನೇತುಹಾಕಿದರೆ, ಚಿತ್ರದಲ್ಲಿ ಕಾಂಪೌಂಡರ್ ಕೋಟಿನಷ್ಟು ಬೆಳ್ಳಗೆ! ಹೆಂಡತಿಯ ಕಪ್ಪು ಕೊಡೆ ಕಪ್ಪಾಗಿಯೇ ಇತ್ತು. ಬಟ್ಟೆಗೆ ಹಾಕಿದ ಬಣ್ಣದ ಮೇಲೆ ಹೋಗುತ್ತದೆ ಇದು. ನಾನೇ ಸಾಕ್ಷಿಯಾಗುವಂತಿಲ್ಲವಲ್ಲ, ಕೋರ್ಟಿನಲ್ಲಿ ಉಪಯೋಗವಾಗಲಿಲ್ಲ. ಗುಜರಿಯ ಮೂರು ಡಿವಿಆರ್‌ಗಳನ್ನೂ ಓಡಿಸಿ ನೋಡಿದೆ. ಒಂದರ ಗಡಿಯಾರ ಎರಡು ತಿಂಗಳಲ್ಲಿ ಹತ್ತು ನಿಮಿಷ ತಪ್ಪಿತು. ಇನ್ನೊಂದು ಕರೆಂಟ್ ಹೋದಾಗಲೆಲ್ಲ 2000ನೇ ಇಸವಿಯ ಜನವರಿ 1ಕ್ಕೆ ಹೋಗಿ ಕೂರುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಎಷ್ಟು ಸಲ ಜನವರಿ ಬರುತ್ತದೆ ಲೆಕ್ಕ ಹಾಕಿ.

ತನಿಖಾಧಿಕಾರಿ ಕೊನೆಯಲ್ಲಿ ಬಂದರು. 10.30ಕ್ಕೆ ಮಹಜರು ಆರಂಭ? ಸರಿ. ಜೀಪು ತಲುಪಿ ಐದು ಹತ್ತು ನಿಮಿಷದಲ್ಲೇ? ಸರಿ. ಆಮೇಲೆ ಜೀಪಿನ ತುಣುಕು. ಗಡಿಯಾರ ಸರಿ ಅಂದರೆ ಮಹಜರು ಸುಳ್ಳು. ಮಹಜರು ಸರಿ ಅಂದರೆ ಕಳ್ಳತನ 8.35ಕ್ಕೂ ಮೊದಲೇ, ಒಂಬತ್ತಕ್ಕೆ ಭದ್ರವಾಗಿದ್ದ ಬೀಗ ಯಾವುದು? ಅತ್ತ ದರಿ, ಇತ್ತ ಪುಲಿ. ಖುಲಾಸೆ.

2024ರ ಜುಲೈ 1ರಿಂದ, ಹಳೆಯ 65ಬಿ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟಿಗೆ ಎ, ಬಿ ಎರಡು ಭಾಗ, ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಖ್ಯೆ), ಪರಿಣತರ ಸಹಿ ಬಂದಿವೆ. ಸಿ.ಆರ್.ಪಿ.ಸಿ. ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ರಲ್ಲಿ ಜಪ್ತಿಯನ್ನೂ ಚಿತ್ರೀಕರಿಸಬೇಕು. ಬಾರ್ ರೂಮಿನಲ್ಲಿ ಇನ್ನೇನು ಗತಿ ಅನ್ನುತ್ತಿದ್ದಾರೆ. ನನಗಂತೂ ನೋಡಲು ಇನ್ನೊಂದು ವಿಡಿಯೋ ಸಿಕ್ಕಿತು.

ಮಾತಾಡಿದ ಫೀ 25 ಸಾವಿರ, ಬಂದದ್ದು 14. ತೀರ್ಪಿನ ವಾರ ಕಕ್ಷಿದಾರನ ತಾಯಿ ಬಾಕಿಗೆಂದು ಒಂದು ಸಣ್ಣ ಗಂಟು ತಂದರು, ಬಿಚ್ಚಿದರೆ ಕರಿಮೆಣಸು. "ಅಮ್ಮಾ, ಕಾಫಿಪುಡಿ ಇದ್ರೆ ಕೊಡಿ, ಇದು ಮಾತ್ರ ಬೇಡ" ಅಂದೆ.