ಮನೆಯ ಔಷಧಿ ಡಬ್ಬಿಯಿಂದ ಶುರುವಾದ ಕೆಲಸ

ಚಟ ತಡೆಯುವುದು ಅಂದರೆ ಕತ್ತಲ ಮೂಲೆಯಲ್ಲಿ ಪೊಟ್ಟಣ ಮಾರುವವನನ್ನು ಹಿಡಿಯುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಫಾರ್ಮಸಿಸ್ಟ್. ನನ್ನ ಕೌಂಟರಿಗೆ ಬರುವ ಚಟದ ಕೈಯಲ್ಲಿ ಡಾಕ್ಟರ ಚೀಟಿ ಇರುತ್ತದೆ, ಬಿಲ್ ಇರುತ್ತದೆ, ಮರ್ಯಾದೆಯೂ ಇರುತ್ತದೆ. ಹಾಗಾಗಿ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. ಕೆಲವು ವರ್ಷಗಳಿಂದ ಒಬ್ಬ ನರ್ಸ್, ಇಬ್ಬರು ಮೇಷ್ಟ್ರು, ಕುಡಿತ ಬಿಟ್ಟ ಒಬ್ಬ ಹಿರಿಯರು ಮತ್ತು ನಾನು ಸೇರಿ ಬಡಾವಣೆಯಲ್ಲಿ ಈ ಕೆಲಸ ಮಾಡುತ್ತಿದ್ದೇವೆ.

ದುರ್ಬಳಕೆ ಆಗುವ ಔಷಧಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಟ್ರಮಡಾಲ್, ಕೊಡೀನ್, ಆಕ್ಸಿಕೊಡೋನ್‌ನಂಥ ಓಪಿಯಾಯ್ಡ್, ಅಂದರೆ ಅಫೀಮಿನ ಹಾಗೆ ಕೆಲಸ ಮಾಡುವ ನೋವಿನ ಮಾತ್ರೆಗಳು. ಆಲ್‌ಪ್ರಜೋಲಮ್, ಡಯಾಜೆಪಮ್‌ನಂಥ ನಿದ್ದೆ ಮತ್ತು ಆತಂಕದ ಮಾತ್ರೆಗಳು. ಗಮನ ಹೆಚ್ಚಲಿ ಅಂತ ಕೊಡುವ ಮೀಥೈಲ್‌ಫೆನಿಡೇಟ್‌ನಂಥವು. ಎಲ್ಲವೂ ಒಳ್ಳೆಯ ಔಷಧಿಗಳೇ, ಬೇಕಾದವರ ಕೈಯಲ್ಲಿದ್ದಾಗ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ನೋವಿನ ಮಾತ್ರೆ ದುರ್ಬಳಕೆ ಮಾಡಿದವರನ್ನು ಕೊನೆಯ ಸಲ ಅದು ಎಲ್ಲಿ ಸಿಕ್ಕಿತು ಅಂತ ಕೇಳುತ್ತಾರೆ. ಸಾಮಾನ್ಯವಾಗಿ ಜಾಸ್ತಿ ಬರುವ ಉತ್ತರ: ಗೆಳೆಯರ ಹತ್ತಿರ, ಇಲ್ಲವೇ ನೆಂಟರ ಹತ್ತಿರ. ಅಂದರೆ ಯಾರದ್ದೋ ಮನೆಯ ಕಪಾಟಿನಲ್ಲಿ. ನಾವೂ ಕಪಾಟಿನಿಂದಲೇ ಶುರು ಮಾಡಿದೆವು.

ಮೊದಲು ಮಾಡಿದ್ದು ಹಳೆ ಔಷಧಿ ವಾಪಸ್ ಪಡೆಯುವ ದಿನ. ಇದು ನಾವು ಕಂಡುಹಿಡಿದದ್ದೇನಲ್ಲ. ಅಮೆರಿಕದ ಮಾದಕವಸ್ತು ತಡೆಯುವ ಡಿಇಎ ಸಂಸ್ಥೆ 2010ರ ಸೆಪ್ಟೆಂಬರಿನಲ್ಲಿ ಇಂಥದ್ದನ್ನು ಶುರು ಮಾಡಿತು, ಅಲ್ಲಿ ಈಗ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಒಂದು ಮೇಜು, ಬೀಗ ಹಾಕಿದ ಒಂದು ಡಬ್ಬ, ಇಬ್ಬರು ಜನ ಇದ್ದರೆ ಸಾಕು. ಆದರೆ ಬೇರೆಯವರ ಓಪಿಯಾಯ್ಡ್ ಮಾತ್ರೆಗಳನ್ನು ಸುಮ್ನೆ ಕೈಗೆ ತಗೊಂಡು ಇಟ್ಟುಕೊಳ್ಳುವ ಹಾಗಿಲ್ಲ. ಔಷಧಿ ನಿಯಂತ್ರಣ ಇಲಾಖೆಯವರನ್ನು ಮೊದಲೇ ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಬೇಕು. ಬೋರ್ಡಿನ ಮೇಲೆ ಚಟ ಅನ್ನುವ ಮಾತನ್ನೇ ನಾವು ಹಾಕಲಿಲ್ಲ. "ಹಳೆ ಔಷಧಿ ಇಲ್ಲಿ ಕೊಡಿ", ಅಷ್ಟೇ. ಬೇರೆ ಏನಾದರೂ ಬರೆದಿದ್ದರೆ ಆ ಮೇಜಿನ ಹತ್ತಿರ ಯಾರು ನಿಲ್ಲುತ್ತಿದ್ದರು? ಅಕ್ಕಪಕ್ಕದವರು ನೋಡ್ತಾರೆ ಅಲ್ವಾ!

ಒಬ್ಬರು ಹೊಲಿಗೆ ಸಾಮಾನಿನ ತಗಡಿನ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಸುರಿದರು. ಹಲ್ಲು ಕೀಳಿಸಿದಾಗಿನ ಮಾತ್ರೆ, ಮೊಣಕಾಲಿನ ಆಪರೇಷನ್ ಆದಮೇಲೆ ಉಳಿದದ್ದು, ಕ್ಯಾನ್ಸರಿನಿಂದ ತೀರಿಕೊಂಡ ಅತ್ತೆಯ ಮಾರ್ಫಿನ್. ಸ್ಟ್ರಿಪ್ಪುಗಳನ್ನು ಕತ್ತರಿಸಿ ಕತ್ತರಿಸಿ ಹೆಸರೇ ಹೋಗಿತ್ತು. "ಅತ್ತೆಯವರದ್ದು ಬಿಸಾಡೋಕೆ ಮನಸ್ಸು ಬರಲಿಲ್ಲ" ಅಂದರು. ಮಾರ್ಫಿನ್ ಸ್ಟ್ರಿಪ್ಪಿನ ಹಳೆಯ ಗುಳಿಗಳಲ್ಲಿ ಫಾಯಿಲ್ ಮಂಕಾಗಿ ಮುದುರಿತ್ತು. ಒಂದು ಅಂಚಿನ ಗುಳಿಗಳಲ್ಲಿ ಮಾತ್ರ ಈಗಷ್ಟೇ ಹರಿದ ಹಾಗೆ ಹೊಳೆಯುತ್ತಿತ್ತು. ನಾನೇನೂ ಕೇಳಲಿಲ್ಲ. ಅವರೇ ಸ್ವಲ್ಪ ಹೊತ್ತು ನೋಡಿ, "ಇದು ಯಾವಾಗ ಖಾಲಿ ಆಯ್ತೋ" ಅಂದರು. ಆಮೇಲೆ ಮನೆಯಲ್ಲಿ ಯಾರ್‍ಯಾರು ಇದ್ದಾರೆ ಅಂತ ಅವರೇ ಹೇಳತೊಡಗಿದರು. ಭಾಷಣದಿಂದ ಆಗದ ಕೆಲಸ ಒಂದು ಸ್ಟ್ರಿಪ್ಪಿನಿಂದ ಆಯಿತು.

ಇಂಥ ದಿನ ಇಲ್ಲದ ಕಡೆ ಮನೆಯಲ್ಲೇ ವಿಲೇವಾರಿ ಮಾಡಬಹುದು. ಮಾರ್ಫಿನ್, ಆಕ್ಸಿಕೊಡೋನ್‌ನಂಥ ಓಪಿಯಾಯ್ಡ್ ಆದರೆ ಟಾಯ್ಲೆಟ್ಟಿನಲ್ಲಿ ಫ್ಲಶ್ ಮಾಡಬೇಕು. ಸಾಮಾನ್ಯ ಮಾತ್ರೆಗಳನ್ನು ಪುಡಿ ಮಾಡದೆ ಮಣ್ಣಿನ ಜೊತೆ ಕಲಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಬೇಕು. ಬಾಟಲಿಯ ಮೇಲಿನ ಹೆಸರು, ವಿವರ ಕೆರೆದು ಹಾಕಬೇಕು. ಬಳಕೆಯಲ್ಲಿರುವ ಮಾತ್ರೆಗೆ ಬೀಗ ಇರಲಿ, ಲೆಕ್ಕವೂ ಇರಲಿ. ಸ್ಟ್ರಿಪ್ಪಿನ ಹಿಂದೆ ಮಾರ್ಕರಿನಲ್ಲಿ ತಾರೀಕು ಮತ್ತು ಉಳಿದ ಸಂಖ್ಯೆ ಬರೆದಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೀಗಕ್ಕಿಂತ ಈ ಲೆಕ್ಕವೇ ಜಾಸ್ತಿ ಉಪಯೋಗ. ಯಾಕಂದರೆ ಬೀಗದ ಕೈ ಎಲ್ಲಿರುತ್ತದೆ ಅನ್ನುವುದು ಮನೆಯ ಮಕ್ಕಳಿಗೆಲ್ಲ ಗೊತ್ತು.

ಕೌಂಟರಿನಲ್ಲಿ ನಾನು ಮಾಡಿದ ಬದಲಾವಣೆ ಚಿಕ್ಕದು. ನಿದ್ದೆ ಮಾತ್ರೆ ಅಥವಾ ಓಪಿಯಾಯ್ಡ್ ಒಯ್ಯುವ ಎಲ್ಲರಿಗೂ ಒಂದೇ ಪ್ರಶ್ನೆ: "ಡ್ರಿಂಕ್ಸ್ ತಗೊಳ್ತೀರಾ?" ಎಲ್ಲರಿಗೂ ಅಂದರೆ ಮೇಷ್ಟ್ರಿಗೂ, ಅಜ್ಜಿಗೂ. ಮುಖ ನೋಡಿ ಕೆಲವರನ್ನೇ ಕೇಳಿದರೆ ಅದು ಅವಮಾನ. ಎಲ್ಲರನ್ನೂ ಕೇಳಿದರೆ ಅದು ಪದ್ಧತಿ. ಒಮ್ಮೆ ಒಬ್ಬರು ತಿಂಗಳು ಮುಗಿಯುವ ಮೊದಲೇ ಬಂದು, "ಮಾತ್ರೆ ಕಳೆದುಹೋಯ್ತು ಮೇಡಂ, ಇನ್ನೊಂದು ಸ್ಟ್ರಿಪ್ ಕೊಡಿ" ಅಂದರು. "ಹಾಗೇ ಕೊಡೋಕೆ ಬರಲ್ಲ ಸರ್. ಕೂತ್ಕೊಳ್ಳಿ, ಡಾಕ್ಟರಿಗೆ ಫೋನ್ ಮಾಡೋಣ" ಅಂದೆ. ಕೂತಮೇಲೆ ನಿಜ ಹೊರಬಂತು. "ಒಂದರಲ್ಲಿ ನಿದ್ದೆ ಬರ್ತಿಲ್ಲ ಮೇಡಂ. ಎರಡು ನುಂಗಿ, ಮೇಲೆ ಸ್ವಲ್ಪ ಹಾಕ್ತೀನಿ."

ಈ "ಮೇಲೆ ಸ್ವಲ್ಪ" ಅನ್ನುವುದೇ ನನಗೆ ದೊಡ್ಡ ಭಯ. ಮದ್ಯ, ನಿದ್ದೆ ಮಾತ್ರೆ, ಓಪಿಯಾಯ್ಡ್ ಮೂರೂ ಮೆದುಳನ್ನು ಮಂದ ಮಾಡುತ್ತವೆ, ಅದರ ಜೊತೆ ಉಸಿರಾಟವನ್ನೂ. ಒಟ್ಟಿಗೆ ಸೇರಿದರೆ ಒಂದರ ಜೋರು ಇನ್ನೊಂದಕ್ಕೆ ಸೇರುತ್ತದೆ. ಓಪಿಯಾಯ್ಡ್ ಮತ್ತು ಬೆಂಜೋಡಯಾಜೆಪಿನ್ (ಆಲ್‌ಪ್ರಜೋಲಮ್, ಡಯಾಜೆಪಮ್ ಈ ಗುಂಪಿನವೇ) ಜೊತೆಯಾದರೆ ಸಾವೂ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಔಷಧಿಯ ವಿವರ ಹಾಳೆಯಲ್ಲಿ ಚೌಕ ಹಾಕಿ ಎಚ್ಚರಿಕೆ ಅಚ್ಚು ಹಾಕಿಸಿತು. ಹಾಳೆಯನ್ನು ಯಾರು ಓದುತ್ತಾರೆ ಹೇಳಿ? ಬಾಯಲ್ಲಿ ಹೇಳಬೇಕು.

ಕುಡಿತದ ಲೆಕ್ಕ ತಿಳಿಸಲು ನಮ್ಮ ತಂಡದ ಹಿರಿಯರದ್ದು ಒಂದು ಉಪಾಯ. ಖಾಲಿ ಬಾಟಲಿಗೆ ನೀರು ತುಂಬಿ, ಗ್ಲಾಸ್ ಕೊಟ್ಟು, "ಮನೆಯಲ್ಲಿ ಹಾಕ್ಕೊಳ್ಳೋ ಹಾಗೆ ಒಂದು ಪೆಗ್ ಹಾಕಿ" ಅನ್ನುತ್ತಾರೆ. ಆಮೇಲೆ ಅದನ್ನು ಅಳತೆಯ ಪಾತ್ರೆಗೆ ಸುರಿಯುತ್ತಾರೆ. 60 ಮಿಲಿ ಅಂತ ನಂಬಿದ್ದು ಎಷ್ಟೋ ಸಲ 90 ದಾಟಿರುತ್ತದೆ. ಎಲ್ಲರೂ ನಗುತ್ತಾರೆ, ಆದರೆ ಯಾರೂ ಎದ್ದು ಹೋಗುವುದಿಲ್ಲ. ನಗು ನಿಂತಮೇಲೆ ನಾನು ಲೆಕ್ಕ ಹೇಳುತ್ತೇನೆ: ಶೇಕಡ 40ರ 60 ಮಿಲಿಯಲ್ಲಿ ಸುಮಾರು 19 ಗ್ರಾಂ ಶುದ್ಧ ಆಲ್ಕೋಹಾಲ್, ಶೇಕಡ 5ರ 650 ಮಿಲಿ ಬಿಯರಿನಲ್ಲಿ 25 ಗ್ರಾಂಗೂ ಜಾಸ್ತಿ. ಬಿಯರ್ ಏನೂ ಅಲ್ಲ ಅನ್ನುವವರು ಇಲ್ಲಿ ಸ್ವಲ್ಪ ತಣ್ಣಗಾಗುತ್ತಾರೆ. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ 10 ಪ್ರಶ್ನೆಗಳ ಹಾಳೆ. ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆ ಹೊರಟಿದೆ ಅಂತ ಅರ್ಥ. ಹೆಸರು ಬರೆಯಬೇಡಿ, ಅಂಕ ನೀವೇ ಕೂಡಿಸಿಕೊಳ್ಳಿ ಅಂತ ಹೇಳಿ ಕೊಡುತ್ತೇವೆ.

ಶಾಲೆಯಲ್ಲಿ ಕೊಳೆತ ಲಿವರಿನ ಚಿತ್ರ ತೋರಿಸಿ ಅಂತ ಕೆಲವು ಪೋಷಕರು ಒತ್ತಾಯ ಮಾಡಿದ್ದರು. ನಾನು ಒಪ್ಪಲಿಲ್ಲ. 1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಪೊಲೀಸರೇ ತರಗತಿಗೆ ಹೋಗಿ ಮಾದಕವಸ್ತುಗಳ ಬಗ್ಗೆ ಪಾಠ ಮಾಡುವ ಡೇರ್ ಕಾರ್ಯಕ್ರಮ ಶುರುವಾಯಿತು. ದೊಡ್ಡ ಹೆಸರೂ ಮಾಡಿತು. ಆದರೆ ಅದರ ಹಳೆಯ ಪಾಠದಿಂದ ಮಕ್ಕಳ ಬಳಕೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ ಅಂತ ಅಧ್ಯಯನಗಳು ಹೇಳಿದವು. ಐಸ್‌ಲ್ಯಾಂಡಿನವರು ಬೇರೆ ದಾರಿ ಹಿಡಿದರು. ಮಕ್ಕಳಿಗೆ ಪದೇ ಪದೇ ಸಮೀಕ್ಷೆ, ಅದರ ಫಲಿತಾಂಶ ನೇರ ಆಯಾ ಊರಿನ ಶಾಲೆ ಮತ್ತು ಪೋಷಕರ ಕೈಗೆ, ಸಂಜೆ ಹೊತ್ತು ಆಟ ಮತ್ತು ಸಂಗೀತಕ್ಕೆ ಸರ್ಕಾರದ ದುಡ್ಡು, ರಾತ್ರಿ ಮಕ್ಕಳು ಹೊರಗಿರದಂತೆ ಪೋಷಕರ ಒಪ್ಪಂದ. ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದೆ ಅನ್ನುವ 15-16ರ ಮಕ್ಕಳು 1998ರಲ್ಲಿ ಶೇಕಡ 42 ಇದ್ದರು, 2016ರಲ್ಲಿ ಶೇಕಡ 5. ನಮ್ಮ ಕೈಯಲ್ಲಿ ಸರ್ಕಾರದ ದುಡ್ಡಿಲ್ಲ. ಸಂಜೆ ಶಾಲೆಯ ಮೈದಾನದ ಗೇಟು ತೆರೆಸುವುದು ಮಾತ್ರ ಆಯಿತು. ಅದಕ್ಕೂ ಎಷ್ಟು ಅರ್ಜಿ ಕೊಟ್ಟೆವೋ!

ಮನೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಸಿಟ್ಟಿನಲ್ಲಿ ಬಾಟಲಿ ಒಡೆದು, ಮಾತ್ರೆ ಬಿಸಾಡಿ, "ಇವತ್ತಿಂದ ಬಂದ್" ಅನ್ನಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ನಡುಕ, ಗೊಂದಲ, ಇಲ್ಲದ್ದು ಕಾಣುವುದು ಶುರುವಾಗಬಹುದು. ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಬಹಳ ದಿನ ತಗೊಂಡ ನಿದ್ದೆ ಮಾತ್ರೆಯೂ ಹಾಗೇ. ಡಾಕ್ಟರು ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನಿದ್ದೆ ಮಾತ್ರೆಯ ಆ ಸರ್ ವಿಷಯದಲ್ಲೂ ಡಾಕ್ಟರು ಮಾಡಿದ್ದು ಇದನ್ನೇ. ಒಂದು ವಾರಕ್ಕಾಗುವಷ್ಟೇ ಬರೆದುಕೊಟ್ಟರು, ಮಾತ್ರೆ ಅವರ ಮಗಳ ಹತ್ತಿರ ಇತ್ತು. ತಿಂಗಳುಗಳೇ ಹಿಡಿದವು.

ಇನ್ನು ಅಪಾಯದ ಹೊತ್ತು. ಕೂಗಿದರೂ, ಅಲುಗಾಡಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ ಅಥವಾ ಗೊರಗೊರ, ತುಟಿ ನೀಲಿ. ನಿದ್ದೆ ಮಾಡಿ ಸರಿಹೋಗಲಿ ಅಂತ ಬಿಡಬಾರದು. ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಬೇಕು. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ. ಓಪಿಯಾಯ್ಡ್ ಆಗಿದ್ದರೆ ನ್ಯಾಲಾಕ್ಸೋನ್ ಅನ್ನುವ ಔಷಧಿ ಉಸಿರನ್ನು ವಾಪಸ್ ತರುತ್ತದೆ. ಮದ್ಯದ ಮೇಲೆ, ನಿದ್ದೆ ಮಾತ್ರೆಯ ಮೇಲೆ ಅದು ಕೆಲಸ ಮಾಡುವುದಿಲ್ಲ. ಕಣ್ಣು ಬಿಟ್ಟರು ಅಂತ ಆಂಬುಲೆನ್ಸನ್ನು ವಾಪಸ್ ಕಳಿಸಬೇಡಿ. ನ್ಯಾಲಾಕ್ಸೋನಿನ ಜೋರು 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ, ಒಳಗಿರುವ ಮಾತ್ರೆಯ ಜೋರು ಅದಕ್ಕಿಂತ ಜಾಸ್ತಿ ಹೊತ್ತು ಇರಬಹುದು.