ಸಾಯುತ್ತಿದ್ದ 1 ಟಿಬಿ ಡಿಸ್ಕ್‌ನಿಂದ ಫೈಲುಗಳನ್ನು ತೆಗೆದ ಬಗೆ: ನನ್ನ ಅನುಭವ

"ಇದರಲ್ಲಿ ಇನ್ನೇನೂ ಬರಲ್ಲ, ಹೊಸದು ಹಾಕಿಸಿ" ಅಂದವರು ಮೂರು ಜನ. ಲ್ಯಾಬ್ ಒಂದರಲ್ಲಿ ಹದಿನೆಂಟು ಸಾವಿರ ಕೇಳಿದರು, ಗ್ಯಾರಂಟಿ ಇಲ್ಲ ಎಂಬ ಷರತ್ತಿನ ಮೇಲೆ. ಕೊನೆಗೆ ಮನೆಯಲ್ಲೇ ಎಂಟು ದಿನ ಹಿಡಿಯಿತು, ಸುಮಾರು ಏಳೂವರೆ ಸಾವಿರ ಖರ್ಚಾಯಿತು, 40 ಎಂಬಿಯಷ್ಟು ಬಿಟ್ಟು ಉಳಿದದ್ದೆಲ್ಲ ಈಚೆ ಬಂತು. ಆ ದುಡ್ಡಿನಲ್ಲಿ 6,500 ಹೊಸ 2 ಟಿಬಿ ಡಿಸ್ಕ್‌ಗೆ, 900 ಯುಪಿಎಸ್ ಬ್ಯಾಟರಿಗೆ, ನೂರಿಪ್ಪತ್ತೋ ಏನೋ ಸಾಟಾ ಕೇಬಲ್‌ಗೆ. ಡಿಸ್ಕ್ ಮತ್ತು ಬ್ಯಾಟರಿ ಇನ್ನೂ ದುಡಿಯುತ್ತಿವೆ, ಹಾಗಾಗಿ ಕಳೆದುಕೊಂಡದ್ದು ಏನೂ ಇಲ್ಲ.

ಯಾವ ಡಿಸ್ಕ್‌ಗೆ ಇದು ನಡೆಯುತ್ತದೆ ಎಂಬುದು ಮೊದಲು. ಡಿಸ್ಕ್ ತಿರುಗುತ್ತಿರಬೇಕು, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯಾಸ್‌ನಲ್ಲಿ ಸರಿಯಾದ ಹೆಸರು, ಸರಿಯಾದ ಗಾತ್ರ ಕಾಣಬೇಕು. ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಒಳಗಿನ ತಟ್ಟೆಯನ್ನು ಓದುವ ಹೆಡ್ ಹೋಗಿದೆ, ತಕ್ಷಣ ಕರೆಂಟು ತೆಗೆಯಿರಿ. ಅದು ಲ್ಯಾಬಿನ ಕೆಲಸ. ಗಾತ್ರ ಸೊನ್ನೆ ಎಂದು ತೋರಿಸಿದರೂ ಅಷ್ಟೇ. ಇಂಥ ಡಿಸ್ಕ್‌ಗೆ ಅದೇ ಮಾಡೆಲಿನ ಹಸಿರು ಬೋರ್ಡು ತಂದು ಹಾಕಿದರಾಯಿತು ಅನ್ನುವವರಿದ್ದಾರೆ. ಆ ಬೋರ್ಡಿನ ಎಂಟು ಕಾಲಿನ ಚಿಪ್‌ನಲ್ಲಿ ಆಯಾ ಡಿಸ್ಕ್‌ಗೆ ಮಾತ್ರ ಹೊಂದುವ ಅಳತೆಗಳಿರುತ್ತವೆ. ಚಿಪ್ಪನ್ನು ಬಿಚ್ಚಿ ಹೊಸ ಬೋರ್ಡಿಗೆ ಬೆಸುಗೆ ಹಾಕದೆ ಬರೀ ಬೋರ್ಡ್ ಬದಲಿಸಿದರೆ ಈಗಿನ ಡಿಸ್ಕ್‌ಗಳು ಏಳುವುದಿಲ್ಲ.

ನನ್ನ ಕೈಗೆ ಬಂದದ್ದು ಡೆಸ್ಕ್‌ಟಾಪಿನ 3.5 ಇಂಚಿನದು, ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನದು. ಒಂದು ಫೋಲ್ಡರ್ ತೆರೆಯಲು ನಾಲ್ಕು ನಿಮಿಷ, ಆಮೇಲೆ ಎಕ್ಸ್‌ಪ್ಲೋರರ್ ಹಾಗೇ ಗರ ಬಡಿದಂತೆ ನಿಲ್ಲುವುದು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ ನಾನು ನೋಡುವುದು ನಾಲ್ಕೇ ಸಾಲು: 5 (ಕೆಟ್ಟು ಬದಲಿ ಕೊಟ್ಟ ಜಾಗಗಳು), 197 (ಓದಲು ಬಾರದೆ ಬಾಕಿ ಇರುವ ಜಾಗಗಳು), 198 (ಪರೀಕ್ಷೆಯಲ್ಲೂ ಓದಲಾಗದ ಜಾಗಗಳು), 199 (ಕೇಬಲ್ ದಾರಿಯಲ್ಲಾದ ತಪ್ಪುಗಳು). ಇದರಲ್ಲಿ 199 ಮಾತ್ರ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ಡಿಸ್ಕ್ ಗಟ್ಟಿಯಾಗಿದೆ, ಕೇಬಲ್ ಹಾಳು. ನೂರು ರೂಪಾಯಿ ಕೇಬಲ್‌ನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಡಿಸ್ಕ್ ಮಾರಿದವರನ್ನು ಕಂಡಿದ್ದೇನೆ. ಇಲ್ಲಿ ಕೇಬಲ್ ಬದಲಿಸಿದ ಮೇಲೂ 197 ಮುನ್ನೂರರ ಆಸುಪಾಸಿನಿಂದ ಎರಡು ದಿನದಲ್ಲಿ ಎರಡು ಸಾವಿರದ ಹತ್ತಿರ ಹೋಯಿತು. ಅಂದರೆ ತಟ್ಟೆಯೇ ಕೆಡುತ್ತಿದೆ.

ಇಂಥ ಹೊತ್ತಿನಲ್ಲಿ ವಿಂಡೋಸ್ "ಡಿಸ್ಕ್ ರಿಪೇರಿ ಮಾಡಲೇ?" ಎಂದು ಕೇಳುತ್ತದೆ. ಹೂಂ ಅನ್ನಬಾರದು. ನನ್ನ ಕೈಗೆ ಬರುವ ಮುಂಚೆ ಒಮ್ಮೆ ಚೆಕ್‌ಡಿಸ್ಕ್, ಅಂದರೆ ವಿಂಡೋಸಿನ ಆ ರಿಪೇರಿ ಪ್ರೋಗ್ರಾಮ್, ಓಡಿಸಿ ಆಗಿತ್ತು. ಓದಲಾಗದ ದಾಖಲೆಯನ್ನು ಚೆಕ್‌ಡಿಸ್ಕ್ ಕೆಟ್ಟದ್ದೆಂದು ತೀರ್ಮಾನಿಸಿ ಅಳಿಸುತ್ತದೆ, ಬಿಡಿ ತುಂಡುಗಳನ್ನು ಫೌಂಡ್ ಎಂಬ ಅಡಗಿದ ಫೋಲ್ಡರಿಗೆ ಸಿಎಚ್‌ಕೆ ಹೆಸರಿನಲ್ಲಿ ಸುರಿಯುತ್ತದೆ. ಮೊದಲು ಪೂರ್ತಿ ನಕಲು, ರಿಪೇರಿ ಏನಿದ್ದರೂ ನಕಲಿನ ಮೇಲೆ. ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಹಾಕಿ ಕಾಪಿ ಮಾಡುವುದೂ ತಪ್ಪು: ಹೆಡ್ ಫೈಲಿಂದ ಫೈಲಿಗೆ ಹಾರಾಡುತ್ತದೆ, ಒಂದೇ ಕೆಟ್ಟ ಜಾಗಕ್ಕೆ ಹತ್ತು ಸಲ ತಲೆ ಚಚ್ಚಿಕೊಳ್ಳುತ್ತದೆ.

ಉಪಕರಣ ಈ ಕೆಲಸದವರಿಗೆಲ್ಲ ಗೊತ್ತಿರುವುದೇ, ಕೆಟ್ಟ ಡಿಸ್ಕನ್ನು ನಕಲು ಮಾಡುವ ಲಿನಕ್ಸ್ ಪ್ರೋಗ್ರಾಮ್ ಗ್ನೂ ಡಿಡಿರೆಸ್ಕ್ಯೂ. ಉಬುಂಟು ಲಿನಕ್ಸ್‌ನಲ್ಲಿ ಪ್ಯಾಕೇಜಿನ ಹೆಸರಿನ ಮುಂದೆ ಒಂದು ಜಿ ಸೇರಿಸಬೇಕು. ನಡುವೆ ಅಡಿಗೆರೆ ಇರುವ ಹೆಸರಿನದು ಬೇರೆಯೇ ಪ್ರೋಗ್ರಾಮ್, ಅದರ ಆಪ್ಷನ್‌ಗಳು ಇದಕ್ಕೆ ಹೊಂದುವುದಿಲ್ಲ. ಸಿಸ್ಟಮ್‌ರೆಸ್ಕ್ಯೂ ಪೆನ್ ಡ್ರೈವ್‌ನಲ್ಲಿ ಇದೂ ಟೆಸ್ಟ್‌ಡಿಸ್ಕೂ ಒಟ್ಟಿಗೇ ಬರುತ್ತವೆ. ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವ್‌ನಿಂದಲೇ ಓಡುವುದು) ಆದರೆ, ಡಿಸ್ಕನ್ನು ತಾನಾಗಿ ತೆರೆಯುವ ಆಟೋ ಮೌಂಟ್ ನಿಲ್ಲಿಸಿಯೇ ಡಿಸ್ಕ್ ಚುಚ್ಚಿ.

ಕೆಟ್ಟ ಪ್ರಯತ್ನಗಳೇ ಮೊದಲ ಮೂರು ದಿನ ತಿಂದವು, ಆ ದಿನಗಳು ಎಂಟರ ಲೆಕ್ಕಕ್ಕೆ ಸೇರಿಲ್ಲ. ಡಿಸ್ಕನ್ನು ಬಿಚ್ಚಿ ಐನೂರು ರೂಪಾಯಿಯ ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿದ್ದು ಮೊದಲನೆಯದು. ಕೆಟ್ಟ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದುವ ಅತಿ ಚಿಕ್ಕ ತುಂಡು) ಸಿಕ್ಕಾಗ ಅಡಾಪ್ಟರ್ ಸೋತು ರೀಸೆಟ್ ಆಗುತ್ತದೆ, ಡಿಸ್ಕ್ ಮಾಯವಾಗಿ ಹೊಸ ಹೆಸರಿನಲ್ಲಿ ಮರಳುತ್ತದೆ. ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗುತ್ತದೆ, ಹಳೇ ಹೆಸರು ನಂಬಿ ಓಡುತ್ತಿದ್ದ ಡಿಡಿರೆಸ್ಕ್ಯೂ ಉಳಿದದ್ದನ್ನೆಲ್ಲ "ಓದಲಾಗದು" ಎಂದು ಗುರುತು ಹಾಕುತ್ತ ಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮುಕ್ಕಾಲು ಡಿಸ್ಕ್ ಹಾಳು ಅಂತ ಲೆಕ್ಕ, ಒಂದೂ ನಿಜವಲ್ಲ. ನೇರ ಮದರ್‌ಬೋರ್ಡಿನ ಸಾಟಾ ಪೋರ್ಟಿಗೇ ಹಾಕಿ. ಹೆಸರು ಕೊಡುವಾಗ ಬೈ ಐಡಿ ಫೋಲ್ಡರಿನಲ್ಲಿರುವ, ಸೀರಿಯಲ್ ನಂಬರ್ ಸಮೇತದ ಉದ್ದ ಹೆಸರನ್ನೇ ಕೊಡಿ. ಮೂಲ ಯಾವುದು, ಗುರಿ ಯಾವುದು ಎಂಬುದು ಅದಲು ಬದಲಾಗುವ ಭಯವೂ ಹೋಗುತ್ತದೆ.

ಎರಡನೆಯದು ಹುಡುಗಾಟ: ಗುರಿಯ ಡಿಸ್ಕ್ ಫ್ಯಾಟ್ 32 ಇತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಇಡೀ ಡಿಸ್ಕಿನ ನಕಲಾದ ಇಮೇಜ್ ಒಂದೇ ದೊಡ್ಡ ಫೈಲ್, 4 ಜಿಬಿಗೆ ಬಂದು ನಿಂತಿತು. ಎಕ್ಸ್ಟ್ 4 ಅಥವಾ ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ, ಜಾಗ ಮೂಲಕ್ಕಿಂತ ಜಾಸ್ತಿಯೇ ಇರಲಿ, ಏಕೆಂದರೆ ಇಮೇಜ್ ಪಕ್ಕದಲ್ಲೇ ಹೊರತೆಗೆದ ಫೈಲುಗಳೂ ಕೂರಬೇಕು. ಅದಕ್ಕೇ 2 ಟಿಬಿ.

ಮೂರನೆಯದಕ್ಕೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಡಿಡಿರೆಸ್ಕ್ಯೂ ತನ್ನ ಲೆಕ್ಕ ಬರೆದಿಡುವ ಮ್ಯಾಪ್ ಫೈಲ್ ಲೈವ್ ಸಿಸ್ಟಮಿನ ಹೋಮ್ ಫೋಲ್ಡರಿನಲ್ಲಿತ್ತು, ಅಂದರೆ ರ‍್ಯಾಮ್‌ನಲ್ಲಿ. ಮಳೆಗಾಲದ ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿ ಎರಡೇ ನಿಮಿಷಕ್ಕೆ ಕೈಕೊಟ್ಟಿತು. ಇಮೇಜ್ ಉಳಿಯಿತು, ಯಾವ ಜಾಗ ಓದಿ ಆಗಿದೆ ಎಂಬ ಲೆಕ್ಕ ಹೋಯಿತು. ಸಾಯುವ ಡಿಸ್ಕ್ ಮೇಲೆ ಮತ್ತೆ ಮೊದಲಿನಿಂದ ಓಡಿಸಬೇಕಾಯಿತು. ಮ್ಯಾಪ್ ಫೈಲ್ ಇಮೇಜ್ ಇರುವ ಡಿಸ್ಕ್‌ನಲ್ಲೇ ಇರಲಿ, ದಿನಕ್ಕೊಮ್ಮೆ ಪೆನ್ ಡ್ರೈವ್‌ಗೂ ಒಂದು ಪ್ರತಿ ಹಾಕಿ. ಮನೆ ಇನ್ವರ್ಟರಿನ ಮೇಲೆ ನಡೆಸುವವರು ಅದರಲ್ಲಿರುವ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿ. ನಾರ್ಮಲ್‌ನಲ್ಲಿದ್ದರೆ ಬದಲಾಗುವ ಆ ಕ್ಷಣಕ್ಕೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ. ವೋಲ್ಟೇಜ್ ಕಮ್ಮಿ ಇರುವ ಊರಲ್ಲಿ ಯುಪಿಎಸ್ ಮೋಡ್ ಪದೇ ಪದೇ ಬ್ಯಾಟರಿಗೆ ಹಾರುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ಇನ್ನು ನಡೆದದ್ದು. ಮೊದಲ ಸುತ್ತಿಗೆ ದೊಡ್ಡ ಎನ್, ಚಿಕ್ಕ ಎನ್ ಎರಡೂ ಆಪ್ಷನ್ ಕೊಟ್ಟೆ: ಸಲೀಸಾಗಿ ಬರುವುದನ್ನು ಬಾಚಿಕೊ, ಕೆಟ್ಟ ಜಾಗ ಸಿಕ್ಕಿದರೆ ಹಾರಿ ಮುಂದೆ ಹೋಗು, ಕೆರೆಯುವುದು ಆಮೇಲೆ. ಹನ್ನೊಂದು ಗಂಟೆಯಲ್ಲಿ ನೂರಕ್ಕೆ 96 ಭಾಗ ಬಂತು. ಎರಡನೇ ಸುತ್ತಿಗೆ ಆ ಎರಡನ್ನೂ ತೆಗೆದು, ಲಿನಕ್ಸಿನ ಕ್ಯಾಶ್ ಬಿಟ್ಟು ಡಿಸ್ಕಿನಿಂದ ನೇರ ಓದಿಸುವ ಡಿ ಸೇರಿಸಿದೆ. ಸೆಕ್ಟರ್ ಗಾತ್ರ 4096 ಎಂದು ಹೇಳಿದ್ದು ಇಲ್ಲಿನ ಮುಖ್ಯ ಕೆಲಸ. ಈ ಡಿಸ್ಕ್ ಒಳಗೆ 4096 ಬೈಟಿನ ಸೆಕ್ಟರ್ ಇಟ್ಟುಕೊಂಡು ಹೊರಗೆ 512 ಎಂದು ಹೇಳುವ ಜಾತಿ. 512ರಲ್ಲೇ ಬಿಟ್ಟರೆ ಒಂದು ಕೆಟ್ಟ ಸೆಕ್ಟರಿಗೆ ಎಂಟು ಸಲ ಬಡಿದುಕೊಳ್ಳುತ್ತದೆ. ಎರಡೂವರೆ ದಿನದಲ್ಲಿ ಉಳಿದದ್ದು 60 ಎಂಬಿ, ಅಂದರೆ ಹದಿನೈದು ಸಾವಿರ ಸೆಕ್ಟರ್. ಒಂದಕ್ಕೆ ಏಳು ಸೆಕೆಂಡ್ ಲೆಕ್ಕ ಹಾಕಿ, ಒಂದು ಮರುಸುತ್ತಿಗೆ ಮೂವತ್ತು ಗಂಟೆ. ಮೂರು ಸುತ್ತು ಓಡಿಸಿದೆ, ಕೊನೆಯದು ಹಿಮ್ಮುಖವಾಗಿ, ದೊಡ್ಡ ಆರ್ ಕೊಟ್ಟು. ಹಿಮ್ಮುಖವಾಗಿ ಓದುವಾಗ ಡಿಸ್ಕ್ ತಾನಾಗಿ ಮುಂದಿನದನ್ನು ಓದಿಟ್ಟುಕೊಳ್ಳುವ ಚಟ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಮುಂದಕ್ಕೆ ಬಾರದ್ದು ಹಿಂದಕ್ಕೆ ಬರುವುದುಂಟು. ನಲವತ್ತರಲ್ಲಿ ನಿಂತಿತು. ಆ ಮೂರು ಸುತ್ತುಗಳ ನಡುವೆ ಇನ್ನೊಂದು ಕೈಚಳಕವೂ ಇತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಅಂಕಿ ತಪ್ಪಿದರೆ ಡಿಸ್ಕ್ ಶಾಶ್ವತವಾಗಿ ಮಲಗುತ್ತದೆ, ಆಮೇಲೆ ಬೈಗುಳ ನನಗೆ.

ಬಿಸಿಯ ಬಗ್ಗೆ. ಬರಿಮೈಯಲ್ಲಿ ಮೇಜಿನ ಮೇಲಿಟ್ಟ ಡಿಸ್ಕ್ 52 ಡಿಗ್ರಿ ಮುಟ್ಟಿತ್ತು. ಹಳೇ ಎಸ್‌ಎಂಪಿಎಸ್‌ನ ಫ್ಯಾನ್ ಕಿತ್ತು ಎದುರಿಗಿಟ್ಟ ಮೇಲೆ 38ಕ್ಕೆ ಇಳಿಯಿತು, ಓದುವ ವೇಗ ಏರಿದ್ದು ಕಣ್ಣಿಗೇ ಕಾಣುತ್ತಿತ್ತು. ಫ್ರೀಜರಿನಲ್ಲಿಡುವ ಹಳೇ ಉಪಾಯವನ್ನು ಒಂದು ಬೇಡದ ಡಿಸ್ಕ್ ಮೇಲೆ ಮಾಡಿ ನೋಡಿದೆ. ಹೊರಗೆ ತೆಗೆದ ಹತ್ತು ನಿಮಿಷಕ್ಕೆ ಬೋರ್ಡಿನ ಮೇಲೆ ನೀರಹನಿ. ತಟ್ಟೆಯ ಮೇಲೂ ಅದೇ ಕೂತಿರಬಹುದು. ಅದರ ಕಥೆ ಅಲ್ಲಿಗೆ ಮುಗಿಯಿತು.

ಇಮೇಜ್ ಆದ ಮೇಲೆ ಮೂಲ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು, ಇಮೇಜನ್ನು ಲೂಪ್ ಡಿವೈಸ್ ಆಗಿ (ಫೈಲನ್ನೇ ಡಿಸ್ಕಿನಂತೆ ತೋರಿಸುವ ಬಗೆ) ರೀಡ್ ಓನ್ಲಿ ಮೌಂಟ್ ಮಾಡಿ, ಅಂದರೆ ಬರೆಯಲಾಗದಂತೆ ತೆರೆಯಿರಿ. ಫೋಲ್ಡರ್, ಫೈಲ್ ಹೆಸರು, ತಾರೀಕು ಎಲ್ಲ ಇದ್ದಂತೆಯೇ ಬರುತ್ತವೆ. ಹೆಸರು ಬಿಟ್ಟು ಒಳಗಿನ ಮಾಲು ನೋಡಿ ಫೈಲು ಹೆಕ್ಕುವ ಫೋಟೊರೆಕ್ಕನ್ನು (ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ) ನೇರ ಓಡಿಸುವವರು ಕಳೆದುಕೊಳ್ಳುವುದು ಇದನ್ನೇ. ಆದರೆ ಆ 40 ಎಂಬಿ ತೂತುಗಳು ಯಾವ ಫೈಲುಗಳಲ್ಲಿವೆ? ಗೊತ್ತಾಗದಿದ್ದರೆ ಐದು ವರ್ಷದ ಮೇಲೆ ಮದುವೆ ಫೋಟೊ ತೆರೆದಾಗ ಅರ್ಧ ಬೂದು ಬಣ್ಣ ಕಾಣುತ್ತದೆ. ಡಿಡಿರೆಸ್ಕ್ಯೂನ ಫಿಲ್ ಮೋಡ್ ಇರುವುದು ಇದಕ್ಕೆ: ಮ್ಯಾಪ್‌ನಲ್ಲಿ ಮೈನಸ್ ಗುರುತಿರುವ ಜಾಗಕ್ಕೆಲ್ಲ ನೀವು ಕೊಟ್ಟ ಪದವನ್ನು ಇಮೇಜಿನಲ್ಲಿ ತುಂಬುತ್ತದೆ. ಯಾವ ಫೈಲಿನಲ್ಲೂ ಸಹಜವಾಗಿ ಬರಲಾರದ ಒಂದು ಪದ ಆರಿಸಿ, ತುಂಬಿಸಿ, ಮೌಂಟ್ ಮಾಡಿ, ಫೈಲುಗಳೊಳಗೆ ಪದ ಹುಡುಕುವ ಗ್ರೆಪ್ ಕಮಾಂಡಿನಿಂದ ಆ ಪದ ಇರುವ ಫೈಲುಗಳ ಪಟ್ಟಿ ತೆಗೆಯಿರಿ. 1.8 ಲಕ್ಷದಲ್ಲಿ 61 ಫೈಲು, ಅದರಲ್ಲಿ ಮುಕ್ಕಾಲು ವಿಂಡೋಸ್‌ನದೇ ಕಸ. ಫಿಲ್ ಮಾಡುವುದು ಓದುವ ಕೆಲಸ ಪೂರ್ತಿ ಮುಗಿದ ಮೇಲೆ ಮಾತ್ರ.

ಚೆಕ್‌ಡಿಸ್ಕ್ ಕೆಡವಿಹಾಕಿದ್ದ ಫೋಲ್ಡರುಗಳಿಗೆ ಫೋಟೊರೆಕ್ಕೇ ಗತಿ. ಇಮೇಜಿನ ಮೇಲೆ, ಖಾಲಿ ಜಾಗ ಮಾತ್ರ ಹುಡುಕು ಎಂದು ಹೇಳಿ ಓಡಿಸಿದೆ, ಇಲ್ಲದಿದ್ದರೆ ಈಗಾಗಲೇ ಬಂದದ್ದೇ ಮತ್ತೊಮ್ಮೆ ಬರುತ್ತದೆ. ನಲವತ್ತು ಸಾವಿರ ಚಿಲ್ಲರೆ ಫೈಲು, ಒಂದು ಫೋಲ್ಡರಿಗೆ ಐನೂರರಂತೆ, ಹೆಸರೆಲ್ಲ ಬರೀ ಅಂಕಿ. ಫೋಟೊಗಳಿಗೆ ಎಕ್ಸಿಫ್‌ಟೂಲ್ ಇದೆ, ತೆಗೆದ ತಾರೀಕಿನಂತೆ ಹೆಸರಿಟ್ಟು ವರ್ಷವಾರು ಫೋಲ್ಡರ್ ಮಾಡಿಕೊಡುತ್ತದೆ. ವಾಟ್ಸಾಪ್‌ನಿಂದ ಬಂದ ಚಿತ್ರಗಳಲ್ಲಿ ಆ ತಾರೀಕು ಇರುವುದಿಲ್ಲ, ಅವು ಒಂದು ಗುಡ್ಡೆಯಾಗಿಯೇ ಉಳಿದವು. ಸಿಎಚ್‌ಕೆ ಫೈಲುಗಳ ಒಳಗೆ ಎಷ್ಟೋ ಸಲ ಮಾಲು ಸರಿ ಇರುತ್ತದೆ. ಲಿನಕ್ಸ್‌ನ ಫೈಲ್ ಕಮಾಂಡ್ ಜಾತಿ ಹೇಳುತ್ತದೆ, ಹೆಸರಿನ ಬಾಲ (ಎಕ್ಸ್‌ಟೆನ್ಷನ್) ಬದಲಿಸಿದರೆ ತೆರೆಯುತ್ತವೆ. ಅರ್ಧ ತುಂಡಾದ ಎಂಪಿ4 ವಿಡಿಯೊಗಳಿಗೆ ಅನ್‌ಟ್ರಂಕ್ ಎಂಬ ರಿಪೇರಿ ಪ್ರೋಗ್ರಾಮ್ ಬಳಸಿದೆ. ಅದಕ್ಕೆ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ಒಳ್ಳೆಯ ವಿಡಿಯೊ ಮಾದರಿಗೆ ಬೇಕು. ಏಳರಲ್ಲಿ ನಾಲ್ಕು ಎದ್ದವು.

ನುಡಿ ತಂತ್ರಾಂಶದಲ್ಲಿ ಟೈಪಿಸಿದ ಹಳೇ ಕಡತಗಳು ನಿಜವಾದ ತಲೆನೋವು. ಯೂನಿಕೋಡ್ ಅಲ್ಲವಾದ್ದರಿಂದ ಕನ್ನಡ ಪದ ಹುಡುಕಿದರೆ ಒಂದೂ ಸಿಗುವುದಿಲ್ಲ, ಒಳಗಿರುವುದೆಲ್ಲ ಇಂಗ್ಲಿಷ್, ಯುರೋಪಿನ ಅಕ್ಷರಗಳ ಕಲಸುಮೇಲೋಗರ. ಹುಡುಕಬೇಕಾದದ್ದು ಫಾಂಟಿನ ಹೆಸರನ್ನು. ಆರ್‌ಟಿಎಫ್‌ನಲ್ಲಿ ಅದು ನೇರ ಸಿಗುತ್ತದೆ. ಹಳೇ ಡಾಕ್‌ನಲ್ಲಿ ಪ್ರತಿ ಅಕ್ಷರದ ನಡುವೆ ಒಂದು ಸೊನ್ನೆ ಬೈಟ್ ಇರುತ್ತದೆ, ಸಾದಾ ಗ್ರೆಪ್ ಖಾಲಿ ಕೈಯಲ್ಲಿ ಬರುತ್ತದೆ, ಆ ಸೊನ್ನೆಗಳನ್ನೂ ಸೇರಿಸಿ ಹುಡುಕಬೇಕು. ಡಾಕ್ಸ್ ಆದರೆ ಜಿಪ್ ಬಿಚ್ಚಿದ ಮೇಲೆಯೇ ಹುಡುಕಾಟ. ಹೀಗೆ ನಲವತ್ತು ಸಾವಿರದಿಂದ ಆರುನೂರು ಕನ್ನಡ ಕಡತ ಹೆಕ್ಕಿದೆ. ನುಡಿ, ಬರಹ ಎರಡರ ಫಾಂಟ್ ಹೆಸರೂ ಕೊಡಿ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಇಂಗ್ಲಿಷ್ ಅಂಕಿಗಳಿರುವ ಸಾಲುಗಳನ್ನು ಕಣ್ಣಾರೆ ನೋಡಲೇಬೇಕು.

ಇದೆಲ್ಲ ತಿರುಗುವ ಡಿಸ್ಕ್‌ನ ಮಾತು. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದನ್ನು ಟ್ರಿಮ್ ಎಂಬ ಆದೇಶ ಒರೆಸಿಬಿಡುತ್ತದೆ, ಫೋಟೊರೆಕ್‌ಗೆ ಸಿಗುವುದು ಸೊನ್ನೆಗಳು. ಈಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕುವುದು) ಹೆಚ್ಚಾಗಿ ಕೇಳದೆಯೇ ಚಾಲೂ ಆಗಿರುತ್ತದೆ. 48 ಅಂಕಿಯ ರಿಕವರಿ ಕೀ ಇಲ್ಲದಿದ್ದರೆ ಇಮೇಜ್ ಬರೀ ಬೂದಿ. ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಅದನ್ನು ಇವತ್ತೇ ಕಾಗದದ ಮೇಲೆ ಬರೆದಿಡಿ.

ಈಗಿನ ಏರ್ಪಾಡು: ಎರಡು ಡಿಸ್ಕ್, ತಿಂಗಳಿಗೊಂದರಂತೆ ಸರದಿ, ಒಂದು ಯಾವಾಗಲೂ ಬೇರೆ ಮನೆಯಲ್ಲಿ. ಕಾಪಿ ಆದ ಕೂಡಲೇ ಕೇಬಲ್ ಈಚೆ, ಚುಚ್ಚಿಯೇ ಇದ್ದರೆ ಹಣ ಕೀಳುವ ವೈರಸ್ಸು, ರ‍್ಯಾನ್ಸಮ್‌ವೇರ್, ಅದನ್ನೂ ಬೀಗ ಹಾಕುತ್ತದೆ. ವಿಂಡೋಸ್ ಹೋಮ್‌ನಲ್ಲಿ ಹೊರಗಿನ ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸಿನ ಎನ್‌ಕ್ರಿಪ್ಷನ್) ಹಾಕಲು ಬರುವುದಿಲ್ಲ, ಅದಕ್ಕೇ ಅದೇ ಕೆಲಸದ ಇನ್ನೊಂದು ಪ್ರೋಗ್ರಾಮ್, ವೆರಾಕ್ರಿಪ್ಟ್. ವಿಂಡೋಸಿನ ಕಾಪಿ ಕಮಾಂಡ್ ರೋಬೊಕಾಪಿಯ ಮಿರರ್ ಸ್ವಿಚ್ (ಮೂಲದಲ್ಲಿಲ್ಲದ್ದನ್ನು ನಕಲಿನಿಂದಲೂ ಅಳಿಸುವುದು) ಬಿಟ್ಟೆ: ಒಮ್ಮೆ ಡ್ರೈವ್ ಅಕ್ಷರ ಬದಲಾಗಿ ಮೂಲದ ಜಾಗದಲ್ಲಿ ಖಾಲಿ ಪೆನ್ ಡ್ರೈವ್ ಕೂತಿತ್ತು. ಅದು ನಿಷ್ಠೆಯಿಂದ ಬ್ಯಾಕಪ್ಪನ್ನೂ ಖಾಲಿ ಮಾಡಿತು.

ಸತ್ತ ಡಿಸ್ಕನ್ನು ವಾರಂಟಿಗೂ ಕೊಡಲಿಲ್ಲ, ಗುಜರಿಗೂ ಹಾಕಲಿಲ್ಲ. ಆಧಾರ್, ಪ್ಯಾನ್, ಪಾಸ್‌ಬುಕ್ ಸ್ಕ್ಯಾನ್‌ಗಳೆಲ್ಲ ಅದರಲ್ಲಿವೆ, ನಮಗೆ ಓದಲು ಬಂದದ್ದು ಬೇರೆಯವರಿಗೂ ಬರುತ್ತದೆ. 3.5 ಇಂಚಿನದರ ತಟ್ಟೆ ಹೆಚ್ಚಾಗಿ ಅಲ್ಯುಮಿನಿಯಂ, ಟಾರ್ಕ್ಸ್ ಟಿ8 ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿ ತಟ್ಟೆಗೆ ನಾಲ್ಕು ಕಡೆ ಡ್ರಿಲ್ ಹೊಡೆದೆ. ಲ್ಯಾಪ್‌ಟಾಪಿನ 2.5 ಇಂಚಿನದರಲ್ಲಿ ಹೆಚ್ಚಾಗಿ ಗಾಜಿನ ತಟ್ಟೆ ಇರುತ್ತದೆ, ಬಿಚ್ಚಲು ಹೋಗದೆ ದಪ್ಪ ಗೋಣಿಯಲ್ಲಿ ಸುತ್ತಿ ಸುತ್ತಿಗೆಯಲ್ಲಿ ಕುಟ್ಟಿ. ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ. ಒಳಗಿನ ಎರಡು ಅಯಸ್ಕಾಂತಗಳನ್ನು ಮಾತ್ರ ತೆಗೆದಿಟ್ಟುಕೊಂಡೆ, ಸ್ಕ್ರೂಗಳು ಮೇಜಿನಿಂದ ಉರುಳದಂತೆ ಹಿಡಿದಿಡಲು ಅಷ್ಟು ಒಳ್ಳೆಯದು ಬೇರೆ ಸಿಕ್ಕಿಲ್ಲ.